ಮೂರು ಬೆಲ್ಟು, ಒಂದು ಸೊಂಟ

ಪರಮೇಶ್ವರನ ಸೊಂಟದ ಸುತ್ತಳತೆ ಆ ಶನಿವಾರ ಮಧ್ಯಾಹ್ನದವರೆಗೆ ಅವನೊಬ್ಬನ ಸ್ವಂತ ವಿಷಯವಾಗಿತ್ತು. ಅವನು ಮೂರು ಬೆಲ್ಟುಗಳನ್ನು ಹೆಗಲಿಗೇರಿಸಿಕೊಂಡು ಲೈನ್ ಮನೆಗಳ ಮುಂದಿನ ಹಲಸಿನ ಮರದಡಿಗೆ ಬಂದ ಮೇಲೆ ಅದು ಊರಿನ ಆಸ್ತಿಯಾಯಿತು.

ನರಸಿಂಹರಾಜಪುರದಾಚೆ, ಭದ್ರಾ ಹಿನ್ನೀರಿನಲ್ಲಿ, ಜಯಪ್ರಕಾಶ್ ಎಂಬ ಸಾಹುಕಾರರು ದೋಣಿವಿಹಾರ ನಡೆಸುತ್ತಿದ್ದರು. ದೋಣಿ ತಳ್ಳಲು ಇಬ್ಬರಿದ್ದರು, ಪರಮೇಶ್ವರ ಮತ್ತು ದೇವರಾಜ. ಈ ವರ್ಷ ಸಾಹುಕಾರರು ವಿಂಗ್ ಫಾಯಿಲ್ ಎಂಬ ಹೊಸ ಆಟ ತರಿಸಿದ್ದರು. ಬಟ್ಟೆಯ ದೊಡ್ಡ ರೆಕ್ಕೆಯನ್ನು ಕೈಯಲ್ಲಿ ಹಿಡಿದು ಹಲಗೆಯ ಮೇಲೆ ನಿಂತರೆ, ಗಾಳಿ ಎಳೆದು ಹಲಗೆ ನೀರಿನಿಂದ ಮೊಳದೆತ್ತರ ಎದ್ದು ಓಡುತ್ತದೆ. ಮೂರು ತಿಂಗಳು ಬಿದ್ದೂ ಬಿದ್ದೂ ಪರಮೇಶ್ವರ ನಿಲ್ಲಲು ಕಲಿತಿದ್ದ. ಆದರೆ ಮೂರನೇ ನಿಮಿಷಕ್ಕೆ ಅವನ ತೋಳು ಬೇಯಿಸಿದ ಶ್ಯಾವಿಗೆಯಾಗುತ್ತಿತ್ತು. ಬೆಲ್ಟು ಬಂದದ್ದು ಅದಕ್ಕೇ. ಅದರ ಮುಂಭಾಗದ ಉಕ್ಕಿನ ಕೊಕ್ಕೆಗೆ ರೆಕ್ಕೆಯ ಹಗ್ಗ ಸಿಕ್ಕಿಸಿದರೆ ಎಳೆತವನ್ನು ಸೊಂಟ ಹೊರುತ್ತದೆ, ತೋಳು ಬಚಾವಾಗುತ್ತದೆ.

"ಶನಿವಾರ ನಾಲ್ಕಕ್ಕೆ ಗಾಳಿ ಏಳ್ತದೆ," ಎಂದಿದ್ದರು ಸಾಹುಕಾರರು. "ಗೆಸ್ಟ್‌ಗಳ ಮುಂದೆ ಹತ್ತು ನಿಮಿಷ ನಿಂತು ತೋರಿಸು, ಕಲಿಸೋ ಕೆಲಸ ನಿಂದು. ದೋಣಿ ತಳ್ಳೋದು ಬೇಡ. ಮೂರರಲ್ಲಿ ಸರಿಯಾದ್ದು ಆರಿಸ್ಕೊ."

ಪರಮೇಶ್ವರ ಆಗಲೇ ಕಪ್ಪು ಕನ್ನಡಕ ಕೊಂಡಿದ್ದ. ಎರಡು ದಿನದಿಂದ ದೇವರಾಜನನ್ನು 'ಏನಪ್ಪಾ' ಎಂದು ಕರೆಯುತ್ತಿದ್ದ.

ಮೊದಲ ಬೆಲ್ಟು ಹಾಸಿಗೆಯಷ್ಟು ಮೆತ್ತಗಿತ್ತು. ಪಕ್ಕದ ಮನೆಯ ಭೈರಮ್ಮ ಹೊಸಿಲಿಂದಿಳಿದು ಬಂದು ಅದಕ್ಕೆ ಬೆರಳಿನಿಂದ ತಿವಿದಳು.

"ಇದು ಬಾಣಂತೀರು ಕಟ್ಕೊಳ್ಳೋದು ಮಾರಾಯ. ನಿಂಗೆ ಹೆರಿಗೆ ಆಗಿದ್ದು ಯಾವಾಗ?"

ಎರಡನೆಯದು ಹಲಗೆಯಷ್ಟು ಗಟ್ಟಿ. ಅದನ್ನು ಎದುರು ಮನೆಯ ವೆಂಕಟಯ್ಯ ತನ್ನ ಸೊಂಟಕ್ಕೆ ಬಿಗಿದುಕೊಂಡು, ಹನ್ನೆರಡು ವರ್ಷದ ಬೆನ್ನುನೋವು ಎರಡು ನಿಮಿಷದಲ್ಲಿ ಹೋಯಿತೆಂದು ಘೋಷಿಸಿ, ಜಗಲಿಯಲ್ಲಿ ಕೂತುಬಿಟ್ಟ.

"ಅದು ಸಾಹುಕಾರರದ್ದು, ಕೊಡಿ."

"ಕೊಡ್ತೀನಿ. ನೋವು ವಾಪಸ್ ಬರ್ಲಿ, ಕೊಡ್ತೀನಿ."

ಉಳಿದದ್ದು ಮೂರನೆಯದು. ಅಷ್ಟರಲ್ಲಿ ದೇವರಾಜ ಬಂದ. ಅವನು ದೋಣಿ ಕೆಲಸವಿಲ್ಲದ ದಿನ ಅಡಿಕೆ ಮರ ಹತ್ತಿ ಕೊನೆ ತೆಗೆಯುವವನು, ಎಂದರೆ ಗೊನೆ ಕೊಯ್ದು ಇಳಿಸುವವನು. ಒಂದು ಮರದಿಂದಿಳಿಯದೆ ಇನ್ನೊಂದು ಮರಕ್ಕೆ ದಾಟುವ ಆಸಾಮಿ. ಬೆಲ್ಟನ್ನು ಆಚೀಚೆ ತಿರುಗಿಸಿ ನೋಡಿದ.

"ನಿಂತ್ಕೊಂಡು ನೋಡಿದ್ರೆ ಎಂತ ಗೊತ್ತಾಗ್ತದೆ? ನೇತಾಡಿ ನೋಡ್ಬೇಕು. ಪಕ್ಕೆಗೆ ಜಾರಿದ್ರೆ ಲಾಯಕ್ಕಿಲ್ಲ, ಜಾರದಿದ್ರೆ ಇದೇ ಸೈ."

ಮಾತು ಸರಿಯಿತ್ತು. ಮೊಬೈಲಿನ ವಿಡಿಯೋದಲ್ಲಿಯೂ ಹಾಗೇ ಹೇಳಿದ್ದರು. ದೇವರಾಜ ಹಲಸಿನ ಕೊಂಬೆಗೆ ಹಗ್ಗ ಕಟ್ಟಿ ಕುಣಿಕೆ ಬಿಟ್ಟ. ಪರಮೇಶ್ವರ ಸ್ಟೂಲು ಹತ್ತಿ ಕೊಕ್ಕೆ ಸಿಕ್ಕಿಸಿಕೊಂಡು ಕಾಲೆತ್ತಿದ. ಸ್ಟೂಲು ಉರುಳಿತು. ಅವನು ಅಂಗಾತವಾಗಿ, ಹೊಟ್ಟೆ ಮೇಲೆ ಮಾಡಿಕೊಂಡು, ತಕ್ಕಡಿಯ ದಂಡಿಗೆಯ ಹಾಗೆ ಅಡ್ಡಡ್ಡ ತೂಗತೊಡಗಿದ. ಬೆಲ್ಟು ಒಂದಿಂಚೂ ಜಾರಲಿಲ್ಲ.

"ಇದೇ ಸೈ. ಇಳಿಸು," ಎಂದ ಪರಮೇಶ್ವರ.

"ಅವಸರ ಎಂತಕ್ಕೆ? ಅರ್ಧ ಗಂಟೆ ಭಾರ ಬಿದ್ರೆ ಬೆಲ್ಟಿನ ಗುಣ ತಿಳೀತದೆ. ನಾನು ಏಣಿ ತರ್ತೀನಿ," ಎಂದು ದೇವರಾಜ ಹೊರಟುಹೋದ. ಆಗ ಗಂಟೆ ಮೂರು.

ಮೂರೂವರೆಗೆ ಪರಮೇಶ್ವರನಿಗೆ ಬೆಲ್ಟಿನ ಗುಣ ಪೂರ್ತಿ ತಿಳಿದಿತ್ತು. ಹಗ್ಗ ಹಿಡಿದು ಮೈಯನ್ನು ನಾಲ್ಕು ಬೆರಳು ಮೇಲೆತ್ತಿದರೆ ಕೊಕ್ಕೆ ತಾನೇ ಬಿಡುತ್ತಿತ್ತು. ತೋಳಿಗೆ ಅಷ್ಟು ಬಲವಿದ್ದಿದ್ದರೆ ಅವನಿಗೆ ಬೆಲ್ಟೇ ಬೇಕಿರಲಿಲ್ಲ.

"ಯಾರಾದ್ರೂ ಸ್ವಲ್ಪ ಎತ್ತಿ," ಎಂದು ಗೋಗರೆದ.

ಊರಿನ ಗಟ್ಟಿಮುಟ್ಟಾದ ಜನವೆಲ್ಲ ತೋಟದ ಕೆಲಸಕ್ಕೆ ಹೋಗಿತ್ತು. ಉಳಿದವರ ಬಳಿ ಇದ್ದದ್ದು ಬರೀ ಅಭಿಪ್ರಾಯ.

"ನಾನು ಭಾರ ಎತ್ತೋ ಹಾಗಿಲ್ಲ. ನೋವು ಈಗಷ್ಟೇ ಹೋಗಿದೆ," ಎಂದ ವೆಂಕಟಯ್ಯ. "ಬೆಲ್ಟ್ ಕೊಯ್ದುಬಿಡೋಣ."

"ಬೇಡ, ಸಾಹುಕಾರರು ಕೆಲಸ ಕೊಡಲ್ಲ."

"ಹಗ್ಗ ಕೊಯ್ಯೋಣ."

"ತಲೆ ಒಡೀತದೆ."

"ಎಲ್ಲದಕ್ಕೂ ಒಂದು ತಕರಾರು ಇವಂದು," ಎಂದು ಭೈರಮ್ಮ ಸ್ಟೂಲನ್ನು ತಂದು ಅವನ ಹಿಮ್ಮಡಿಯ ಕೆಳಗಿಟ್ಟಳು. ಕಾಲು ಮೇಲೇರಿತು, ತಲೆ ನೆಲದ ಕಡೆಗಿಳಿಯಿತು. ಪರಮೇಶ್ವರನ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು. ಅವಳು ಸ್ಟೂಲನ್ನು ತೆಗೆದು ಅದರ ಮೇಲೆ ತಾನೇ ಕೂತಳು.

ನಾಲ್ಕಕ್ಕೆ ಸರಿಯಾಗಿ ಗಾಳಿ ಎದ್ದಿತು. ಪರಮೇಶ್ವರ ಅದರಲ್ಲಿ ನಿಧಾನವಾಗಿ ಉತ್ತರಕ್ಕೂ ದಕ್ಷಿಣಕ್ಕೂ ತಿರುಗಿದ.

ಐದಕ್ಕೆ ಜೀಪು ಬಂತು. ಸಾಹುಕಾರರು ಇಳಿದರು. ಅವರ ಹಿಂದೆ ದೇವರಾಜ. ಅವನ ಮೈ ಒದ್ದೆ, ಕೈಯಲ್ಲಿ ಏಣಿಯಿರಲಿಲ್ಲ. ಅವನು ಪರಮೇಶ್ವರನ ಸೊಂಟದ ಕೆಳಗೆ ಒಂದು ತೋಳು ಕೊಟ್ಟು ಎತ್ತಿ, ಇನ್ನೊಂದು ಕೈಯಲ್ಲಿ ಕೊಕ್ಕೆ ಬಿಡಿಸಿ ನೆಲಕ್ಕಿಳಿಸಿದ.

"ಬೆಲ್ಟ್ ಸಿಕ್ತು ಸಾರ್. ಇದೇ ಸರಿ. ನಾಳೆ ನಿಂತು ತೋರಿಸ್ತೀನಿ," ಎಂದ ಪರಮೇಶ್ವರ, ಇನ್ನೂ ನೆಟ್ಟಗಾಗದ ಬೆನ್ನಿನಿಂದ.

"ಬೇಡ. ಬೆಲ್ಟ್ ಮೂರೂ ವಾಪಸ್ ಕಳಿಸ್ತೀನಿ," ಎಂದರು ಸಾಹುಕಾರರು. "ನೀನು ದಿನಾ ಮಧ್ಯಾಹ್ನ ಊಟ ಮಾಡಿ ಮಲಗೋ ಹೊತ್ತಿಗೆ ಇವನು ಹಲಗೆ ಹತ್ತಿ ಕಲೀತಿದ್ನಂತೆ. ಇವತ್ತು ಬರಿಗೈಲಿ ಇಪ್ಪತ್ತೈದು ನಿಮಿಷ ನಿಂತ. ಕಲಿಸೋ ಕೆಲಸ ಇವನಿಗೆ ಕೊಟ್ಟೆ. ದೋಣಿ ತಳ್ಳೋಕೂ ಬೇರೆಯವ್ನ ಗೊತ್ತು ಮಾಡಿದ್ದೀನಿ. ಹೇಳಿದ ಹೊತ್ತಿಗೆ ಬರದವ್ನನ್ನ ನಂಬಿ ಹೆಂಗೆ ಕೂರೋದು?"

ಜೀಪು ಹೋಯಿತು. ದೇವರಾಜ ಪರಮೇಶ್ವರನ ಹೆಗಲ ಮೇಲೆ ಕೈಯಿಟ್ಟ.

"ಬೇಜಾರ್ ಮಾಡ್ಕೋಬೇಡ ಮಾರಾಯ. ನಾಳೆಯಿಂದ ಮೇಗುಂದದ ತೋಟದಲ್ಲಿ ಕೊನೆ ತೆಗೆಯೋಕೆ ನಾನು ಒಪ್ಕೊಂಡಿದ್ದೆ. ನನ್ನ ಬದಲಿಗೆ ನಿನ್ನ ಹೆಸರು ಹೇಳಿದ್ದೀನಿ."

"ನಂಗೆ ಅಡಿಕೆ ಮರ ಹತ್ತೋಕೆ ಎಲ್ಲಿ ಬರ್ತದೆ?"

"ಕಲಿಸ್ತೀನಿ," ಎಂದ ದೇವರಾಜ. "ಈಗ ಕಲಿಸೋದೇ ತಾನೆ ನನ್ನ ಕೆಲಸ."