ಡ್ಯಾಶ್‌ಬೋರ್ಡ್ ಬಿಚ್ಚಿದವನ ಪಾಡು

ಹಳೆ ಕಾರಿನ ಡ್ಯಾಶ್‌ಬೋರ್ಡ್ ಬದಲಿಸುವವನ ಅಂಗಡಿಗೆ ಬುದ್ಧಿ ನೆಟ್ಟಗಿರುವವರು ಬರುವುದು ಕಡಿಮೆ. ಅಂಥವರು ಕಾರನ್ನೇ ಬದಲಿಸುತ್ತಾರೆ. ಕಾಸರಗೋಡಿನ ಹತ್ತಿರದ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋಗುವ ದಾರಿಯಲ್ಲಿ ಒಂದು ಶೆಡ್ಡು ಹಾಕಿಕೊಂಡು ಹದಿನಾಲ್ಕು ವರ್ಷ ನಾನು ಇದೇ ಕೆಲಸ ಮಾಡಿದೆ. ಮೀಟರು, ರೇಡಿಯೋ, ಸಾಮಾನು ಹಾಕುವ ಗೂಡು ಎಲ್ಲ ಇರುವ ಆ ಒಂದು ಹಲಗೆಯ ವಿಷಯದಲ್ಲಿ ಮನುಷ್ಯರಿಗೆ ಎಂತೆಂಥ ಆಸೆ ಇರುತ್ತದೆ ಎಂದು ನನ್ನನ್ನು ಕೇಳಬೇಕು. ವಾರಕ್ಕೊಂದಾದರೂ ಇಂಥದ್ದು ನಡೆಯುತ್ತಲೇ ಇತ್ತು.

೧. ಹಲಸಿನ ಮರದ್ದು

ಪೆನ್ಶನ್ ಆದ ಒಬ್ಬರು ಮಾಷ್ಟ್ರ ಕಾರಿನ ಡ್ಯಾಶ್‌ಬೋರ್ಡ್ ಬಿಸಿಲಿಗೆ ಹಪ್ಪಳದ ಹಾಗೆ ಒಡೆದುಹೋಗಿತ್ತು. "ಪ್ಲಾಸ್ಟಿಕ್ ಬೇಡ. ಮನೆಯಲ್ಲಿ ಹಲಸಿನ ಹಲಗೆ ಉಂಟು, ಅದರಲ್ಲೇ ಮಾಡುವ" ಎಂದರು. ನಾನು ಅಳತೆ ಬರೆದುಕೊಟ್ಟೆ. ಅವರು ಹಿಡಿದ ಆಚಾರಿ ಜೀವಮಾನವಿಡೀ ದೇವಸ್ಥಾನದ ಬಾಗಿಲು ಕೆತ್ತಿದವ. ಹಲಗೆ ತಯಾರಾಗಿ ಬಂದಾಗ ನಡುವಿನಲ್ಲಿ ಒಂದು ತಾವರೆ, ಎರಡು ಬದಿಗೆ ಸೊಂಡಿಲೆತ್ತಿದ ಆನೆ. ಹೇಗೋ ಕೂರಿಸಿದೆ.

ನೆರೆಮನೆಯ ಅಜ್ಜಿಯನ್ನು ಕಣ್ಣು ತೋರಿಸಲಿಕ್ಕೆಂದು ಮಾಷ್ಟ್ರು ಅದೇ ಕಾರಿನಲ್ಲಿ ಕಾಸರಗೋಡಿಗೆ ಕರೆದುಕೊಂಡು ಹೋದರು. ಅಜ್ಜಿ ಬಾಗಿಲು ತೆಗೆದು, ಒಳಗೆ ನೋಡಿ, ಕೈಮುಗಿದು ಹತ್ತಿದರು. ಆಸ್ಪತ್ರೆಯ ಎದುರು ಇಳಿಯುವಾಗ ನೋಡಿದರೆ ಬರಿಗಾಲು.

"ಚಪ್ಪಲಿ ಎಲ್ಲಿ ಅಜ್ಜಿ?"

"ನಿಮ್ಮ ಗೇಟಿನ ಹತ್ತಿರ ಬಿಟ್ಟೆ. ಹಾಕಿಕೊಂಡು ಒಳಗೆ ಬರ್ಲಿಕ್ಕೆ ಆಗ್ತದಾ?"

ಮರುದಿನ ಮಾಷ್ಟ್ರು ಬಂದು ಎರಡು ಆನೆಗಳ ನಡುವೆ ಒಂದು ಬೋರ್ಡು ಅಂಟಿಸಿಕೊಂಡು ಹೋದರು: 'ಚಪ್ಪಲಿ ಹಾಕಿಯೇ ಕೂತುಕೊಳ್ಳಬೇಕು.'

೨. ನನ್ನದೇ ತಪ್ಪು

ಒಬ್ಬರು ಡಾಕ್ಟರರ ಕಾರಿಗೆ ಹೊಸ ಸ್ವಿಚ್ಚುಗಳನ್ನು ಕೂರಿಸುವಾಗ ಎಲ್ಲೋ ಎರಡು ವಯರು ಸೇರಿಸಿಬಿಟ್ಟೆ. ವೈಪರು ಒಂದು ಸಲ ಆಡಿದರೆ ಹಾರ್ನು ಒಂದು ಸಲ ಕೂಗುತ್ತಿತ್ತು. ಅದೂ ಜೂನ್ ತಿಂಗಳು. ಮೂರು ದಿನ ಬಿಟ್ಟು ಡಾಕ್ಟರು ಬಂದರು. ಬೈಗುಳಕ್ಕೆ ತಯಾರಾಗಿ ನಾನು ಸ್ಕ್ರೂ ಡ್ರೈವರ್ ಹಿಡಿದು ಓಡಿದೆ.

"ಅದನ್ನು ಮುಟ್ಟಬೇಡ ಮಾರಾಯ" ಎಂದರು. "ರೇಡಿಯೋ ಮಾತ್ರ ನೋಡು. ಬಸ್ಸಿನವರು ಸಹ ದಾರಿ ಬಿಡ್ತಿದ್ದಾರೆ. ಮಳೆಗಾಲ ಮುಗಿಯಲಿ."

೩. ಗೂಡಿನ ಹಿಂದೆ

ಕಾರಡ್ಕದ ಒಬ್ಬ ತೋಟದ ಯಜಮಾನರ ಕಾರು. ಹಳೆ ಡ್ಯಾಶ್‌ಬೋರ್ಡ್ ಎಳೆದಾಗ ಗೂಡಿನ ಹಿಂದಿನ ಸಂದಿಯಿಂದ ಇಲಿ ಕಚ್ಚಿದ ಒಂದು ಲಕೋಟೆ ಬಿತ್ತು. ಯಜಮಾನರು ಎತ್ತಿ ನೋಡಿ ಅಲ್ಲೇ ಟಯರಿನ ಮೇಲೆ ಕೂತುಬಿಟ್ಟರು. ಅದು ಅವರ ಮಗಳ ಮದುವೆಯ ಕರೆಯ ಕಾಗದ. ಮೇಲೆ ಮೀಂಜದಲ್ಲಿರುವ ಭಾವನ, ಅಂದರೆ ತಂಗಿಯ ಗಂಡನ ಹೆಸರು.

ಹನ್ನೊಂದು ವರ್ಷದಿಂದ ಎರಡು ಮನೆಗೂ ಮಾತಿರಲಿಲ್ಲ. ಮದುವೆಗೆ ಕರೆಯಲಿಲ್ಲ ಅಂತ ಭಾವ. ಕಾಗದ ನಾನೇ ಕೈಯಲ್ಲಿ ಕೊಟ್ಟಿದ್ದೇನೆ, ಬೇಕೆಂದೇ ಬರಲಿಲ್ಲ ಅಂತ ಇವರು.

"ನಿನ್ನ ಬೈಕು ತೆಗಿ" ಎಂದರು. ನಾನು ಮೀಂಜದವರೆಗೆ ಬಿಟ್ಟೆ. ಭಾವ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಇವರು ಹೋಗಿ ಲಕೋಟೆ ಕೈಗಿಟ್ಟರು. ಭಾವ ಕನ್ನಡಕ ಸರಿಮಾಡಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು.

ಭಾವ ಗೋಡೆಯ ಗಡಿಯಾರ ನೋಡಿದರು. "ಊಟ ಹನ್ನೆರಡೂವರೆಗೆ ಅಂತ ಹಾಕಿದ್ದೀರಿ. ಈಗ ಒಂದಾಯ್ತು" ಎಂದವರು ಒಳಗೆ ತಿರುಗಿ, "ಎರಡು ಎಲೆ ಹೆಚ್ಚು ಹಾಕು. ನಿನ್ನ ಅಣ್ಣ ಮದುವೆಗೆ ಕರೆಯಲಿಕ್ಕೆ ಬಂದಿದ್ದಾನೆ" ಎಂದರು.

೪. ಎಡಗಡೆಯ ಮೀಟರು

ಗಲ್ಫಿನಿಂದ ಬಂದವರೊಬ್ಬರು ತಮ್ಮ ಹಳೆ ಕಾರಿಗೆಂದು ಅಲ್ಲಿಯ ಗುಜರಿಯಿಂದ ಅದೇ ಮಾಡೆಲಿನ ಒಂದು ಚಂದದ ಡ್ಯಾಶ್‌ಬೋರ್ಡ್ ತಂದಿದ್ದರು. ಬಿಚ್ಚಿ ನೋಡಿದರೆ ಮೀಟರೆಲ್ಲ ಎಡಗಡೆಗೆ. ಅಲ್ಲಿ ಸ್ಟಿಯರಿಂಗ್ ಇರುವುದೇ ಎಡಕ್ಕಲ್ಲವಾ.

"ಇದು ನಮ್ಮ ಕಾರಿಗೆ ಆಗ್ಲಿಕ್ಕಿಲ್ಲ" ಎಂದೆ.

"ಎಂತ ಆಗ್ಲಿಕ್ಕಿಲ್ಲ? ಸ್ವಲ್ಪ ಕುತ್ತಿಗೆ ತಿರುಗಿಸಿದರಾಯ್ತು."

ಬಲಗಡೆ ಕೊರೆದು ಸ್ಟಿಯರಿಂಗಿಗೆ ಜಾಗ ಮಾಡಿದೆ, ಉದ್ದದ ಕೇಬಲ್ ಎಳೆದೆ, ಮೀಟರು ಸರಿಯಾಗಿ ಓಡಿತು. ಆದರೆ ಅದು ಇದ್ದದ್ದು ಅವರ ಹೆಂಡತಿ ಕೂರುವ ಸೀಟಿನ ಎದುರು.

ಹದಿನೈದು ದಿನ ಕಳೆದು ಅವರೊಬ್ಬರೇ ಬಂದರು. ಮುಖ ಬಾಡಿತ್ತು. "ಆ ಮೀಟರಿನ ಕೇಬಲ್ ಕತ್ತರಿಸಿಬಿಡು" ಎಂದರು.

ನಡೆದದ್ದು ಇಷ್ಟು. ಹೆಂಡತಿಯ ಜೊತೆ ಮಂಗಳೂರಿಗೆ ಹೊರಟಿದ್ದರು. ಮಂಜೇಶ್ವರ ದಾಟುವಾಗ ಪೊಲೀಸರು ಕೈ ಅಡ್ಡ ಹಿಡಿದರು. "ಎಷ್ಟು ಸ್ಪೀಡಲ್ಲಿ ಬಂದದ್ದು?" ಎಂದು ಎಸ್ಸೈ ಕೇಳಿದ.

"ಐವತ್ತು ಇರಬಹುದು ಸಾರ್. ಮೀಟರು ನನಗೆ ಸರಿ ಕಾಣುವುದಿಲ್ಲ."

"ನಮ್ಮ ಮೆಷಿನ್‌ನಲ್ಲಿ ಅರವತ್ತೆಂಟು ಬಂದದ್ದುಂಟು."

ಅಷ್ಟರಲ್ಲಿ ಹೆಂಡತಿ ಈಚೆ ಬಗ್ಗಿದರು. "ಅರವತ್ತೆಂಟಲ್ಲ ಸಾರ್, ಎಪ್ಪತ್ತೆರಡು. ನಾನು ಮೂರು ಸಲ ಹೇಳಿದೆ, ಇವರು ಕೇಳಲಿಲ್ಲ. ನಿಮ್ಮ ಮೆಷಿನನ್ನು ಒಮ್ಮೆ ರಿಪೇರಿಗೆ ಕೊಡಿ."