ಸಾವಿನ ಮನೆಯಲ್ಲಿ ‘ಬರ್ತೀನಿ’

ಕಲ್ಲಿಗೂ ಕನ್ನಡ ಕಲಿಸಬಲ್ಲೆ ಎಂದು ನಾನು ಹೇಳಿದರೆ ಅದು ಜಂಬವಲ್ಲ, ವಿನಯ. ಹೊಸಕೋಟೆಯಿಂದ ಮೆಜೆಸ್ಟಿಕ್‌ಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಾಗಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ತೆಲುಗು, ತಮಿಳು, ಉರ್ದು, ಹಿಂದಿಯವರನ್ನೆಲ್ಲ ಹತ್ತಿಸಿಕೊಂಡು, ಟಿನ್ ಫ್ಯಾಕ್ಟರಿ ಸ್ಟಾಪ್ ಬರುವಷ್ಟರಲ್ಲಿ ಅವರೆಲ್ಲ ನನ್ನನ್ನು ಅಚ್ಚ ಕನ್ನಡದಲ್ಲೇ ಬೈಯುವ ಹಾಗೆ ತಯಾರು ಮಾಡುತ್ತಿದ್ದೆ. ಹಾಗಾಗಿ ನಮ್ಮ ಮಹಡಿ ಮನೆಗೆ ಆಫ್ರಿಕಾದ ಹುಡುಗಿಯೊಬ್ಬಳು ಬಾಡಿಗೆಗೆ ಬಂದಾಗ, ಮೂರೇ ತಿಂಗಳಲ್ಲಿ ಇವಳನ್ನು ಪಕ್ಕಾ ಹೊಸಕೋಟೆಯವಳನ್ನಾಗಿ ಮಾಡುತ್ತೇನೆಂದು ಹೆಂಡತಿ ಅಕ್ಕಯಮ್ಮನ ಮುಂದೆ ಭೀಷ್ಮಪ್ರತಿಜ್ಞೆ ಮಾಡಿದೆ.

“ಮೊದ್ಲು ನೀವು ಮನುಷ್ಯರಾಗಿ. ಆಮೇಲೆ ಅವಳು ಹೊಸಕೋಟೆಯವಳಾಗ್ಲಿ,” ಎಂದಳು ಅಕ್ಕಯಮ್ಮ.

ಹುಡುಗಿಯ ಹೆಸರು ನೇಮಾ. ತಾಂಜಾನಿಯಾದ ದಾರೆಸಲಾಮ್ ಪಟ್ಟಣದವಳು, ಇಲ್ಲಿ ನರ್ಸಿಂಗ್ ಓದಲು ಬಂದವಳು. ಅವರ ಭಾಷೆಯಲ್ಲಿ ಆ ಹೆಸರಿಗೆ ಕೃಪೆ ಎಂದು ಅರ್ಥವಂತೆ. ನಮ್ಮವಳು ಅದನ್ನು ನೇಮನಿಷ್ಠೆಯ ನೇಮವೆಂದೇ ತಿಳಿದು, ನೇಮಮ್ಮ ಎಂದು ಕರೆಯತೊಡಗಿದಳು.

ನನ್ನ ಮೊದಲ ಪಾಠ ಇದು. “ನೋಡಮ್ಮ, ನಮ್ಮಲ್ಲಿ ಹೊರಡೋವಾಗ ‘ಹೋಗ್ತೀನಿ’ ಅನ್ಬಾರ್ದು. ಹೋಗ್ತೀನಿ ಅಂದೋರು ಹೋಗೇಬಿಡ್ತಾರೆ. ‘ಬರ್ತೀನಿ’ ಅನ್ಬೇಕು.”

“ಹೋಗೋವಾಗ ಬರ್ತೀನಿ?”

“ಅದೇ ಕನ್ನಡ.”

ಅವಳು ಅದನ್ನು ವ್ರತದಂತೆ ಹಿಡಿದಳು. ಸೊಪ್ಪಿನವಳಿಗೆ ಬರ್ತೀನಿ, ಆಟೋದವನಿಗೆ ಬರ್ತೀನಿ, ಗೇಟಿನ ಮುಂದೆ ಮಲಗುವ ನಾಯಿಗೂ ಬರ್ತೀನಿ. ಹೇಳಿದ ಕಡೆಗೆಲ್ಲ ಮರುದಿನ ಹೋಗಿಯೂ ಬರುತ್ತಿದ್ದಳು. ಕೊಳಾಯಿ ರಿಪೇರಿಯವನು “ಸಂಜೆ ಬರ್ತೀನಿ” ಎಂದು ಮಾಯವಾದಾಗ ಮಾತ್ರ ಅವಳ ಮುಖ ಬಾಡಿತು. “ಅವ್ನು ಹೇಳಿದ್ನಲ್ಲ ಅಂಕಲ್?” ನಾನು ನಕ್ಕೆ. ಕೊಳಾಯಿಯವನ ವ್ಯಾಕರಣವೇ ಬೇರೆ ಎಂದೆ.

ಅವಳ ನಿಜವಾದ ಕಷ್ಟ ಭಾನುವಾರದ್ದು. ಬಸ್ ಸ್ಟ್ಯಾಂಡ್ ಹಿಂದಿನ ಸಣ್ಣ ಚರ್ಚಿಗೆ ಹೋಗುತ್ತಿದ್ದಳು. ಕೊನೆಯ ಬೆಂಚು, ಅಕ್ಕಪಕ್ಕ ಖಾಲಿ.

“ನಮ್ಮೂರಲ್ಲಿ ಚರ್ಚ್ ಮುಗಿದ್ಮೇಲೆ ಚರ್ಚ್ ಶುರು ಅಂಕಲ್. ಊಟ, ಜಗಳ, ಹಾಡು. ಇಲ್ಲಿ ನಮಸ್ಕಾರದ ಬದಲು ‘ಸ್ತೋತ್ರ’ ಅಂತಾರೆ, ಚಪ್ಪಲಿ ಹಾಕ್ಕೊಂತಾರೆ, ಮುಗೀತು.”

ಭಾನುವಾರ ಮಧ್ಯಾಹ್ನ ಅವಳ ತಾಯಿಯ ಫೋನು. ಇವತ್ತು ಯಾರ ಮನೆಯಲ್ಲಿ ಊಟ ಎಂಬುದೇ ಮೊದಲ ಪ್ರಶ್ನೆ. ಇವಳು ವಾರಕ್ಕೊಂದು ಮನೆ ಕಟ್ಟಿ, ಒಲೆ ಹಚ್ಚಿ, ಸಾರು ಕುದಿಸಿ ಹೇಳುತ್ತಿದ್ದಳು. ಫೋನಿಟ್ಟು ಒಣ ಬ್ರೆಡ್ ತಿನ್ನುತ್ತಿದ್ದಳು. ಅಕ್ಕಯಮ್ಮನ ಮುದ್ದೆ ಇತ್ತು, ಆದರೆ ಅದು ಚರ್ಚಿನವರ ಮುದ್ದೆಯಲ್ಲವಲ್ಲ. ಚರ್ಚಿನ ಈ ಸಭೆ ತನ್ನನ್ನು ಸೇರಿಸಿಕೊಳ್ಳದಿದ್ದರೆ ಓದು ಬಿಟ್ಟು ಊರಿಗೇ ಹೋಗುವುದೆಂದು ಅವಳು ನಿಶ್ಚಯಿಸಿದ್ದಳು.

ಆ ಸಭೆಯಲ್ಲಿ ಒಬ್ಬರೇ ಒಬ್ಬರು, ಸುಗುಣಮ್ಮ ಎಂಬ ವೃದ್ಧೆ, “ಒಂದಿನ ಮನೆಗೆ ಬಾರಮ್ಮ” ಎಂದಿದ್ದರು. ಆ ಒಂದು ದಿನ ಬರುವ ಮೊದಲೇ ಸುಗುಣಮ್ಮನ ಗಂಡ ತೀರಿಕೊಂಡರು.

ಸಾವಿನ ಮನೆಗೆ ಹೇಗೆ ಹೋಗಬೇಕೆಂದು ನೇಮಾ ಕೇಳಿದಳು. ಗುರುವಿಗೆ ಉತ್ಸಾಹ ಉಕ್ಕಿತು. ಚಪ್ಪಲಿ ಎಲ್ಲಿ ಬಿಡಬೇಕು, ಎಲ್ಲಿ ಕೂರಬೇಕು, ಕಾಫಿ ಕೊಟ್ಟರೆ ಎಷ್ಟು ಸಲ ಬೇಡ ಅನ್ನಬೇಕು, ಎಲ್ಲ ಬೋಧಿಸಿದೆ. ಹೋಗುವುದನ್ನು ಕಲಿಸಿದೆ, ಹೊರಡುವುದನ್ನು ಕಲಿಸಲು ಮರೆತೆ.

ನಾನೂ ಅವಳ ಜೊತೆ ಹೋಗಿದ್ದೆ. ಮಣ್ಣು ಮಾಡಿ ಬಂದ ಮೇಲೆ ಜನ ಒಬ್ಬೊಬ್ಬರೇ ಬಾಯಿ ಬಿಡದೆ ಎದ್ದು ಹೋಗುತ್ತಿದ್ದರು. ನೇಮಾ ಎದ್ದಳು. ಸುಗುಣಮ್ಮನ ಎರಡೂ ಕೈ ಹಿಡಿದು, ನಾನು ತಿದ್ದಿ ತೀಡಿದ ಸ್ಪಷ್ಟ ಕನ್ನಡದಲ್ಲಿ ಹೇಳಿದಳು. “ಅಮ್ಮಾ, ಬರ್ತೀನಿ. ಖಂಡಿತ ಬರ್ತೀನಿ. ಬೇಗ ಬರ್ತೀನಿ.”

ಮನೆ ಗಕ್ಕನೆ ನಿಂತಿತು. ಅಷ್ಟಕ್ಕೇ ಮುಗಿಯಲಿಲ್ಲ. ಪಡಸಾಲೆಯ ಮಂಚದಲ್ಲಿ ಸತ್ತವರ ಅಣ್ಣ ಮಲಗಿದ್ದರು. ತೊಂಬತ್ತು ದಾಟಿದ, ವರ್ಷಗಳಿಂದ ಯಮನ ವೇಟಿಂಗ್ ಲಿಸ್ಟಿನಲ್ಲಿದ್ದ ಜೀವ. ನೇಮಾ ಅವರ ಕಡೆಗೂ ಬಾಗಿ, “ತಾತ, ನಿಮಗೋಸ್ಕರಾನೂ ಬರ್ತೀನಿ” ಎಂದಳು.

“ಯಾರಮ್ಮ ನಿಂಗಿದನ್ನ ಹೇಳ್ಕೊಟ್ಟಿದ್ದು?” ಎಂದು ಸಭೆಯ ಹಿರಿಯ ಸುನಿಲ್‌ಕುಮಾರ್ ನಡುಗುವ ದನಿಯಲ್ಲಿ ಕೇಳಿದರು.

ಅವಳು ಹೆಮ್ಮೆಯಿಂದ ನನ್ನತ್ತ ಬೆರಳು ತೋರಿದಳು. ಅಷ್ಟು ದೊಡ್ಡ ಗುರುದಕ್ಷಿಣೆ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

ವಾರ ತುಂಬುವ ಮೊದಲೇ ತಾತ ಹೋಗಿಬಿಟ್ಟರು.

ಮುಂದಿನ ಭಾನುವಾರ ಚರ್ಚಿನಲ್ಲಿ ಅವಳ ಮುಂದಿನ ಬೆಂಚೂ ಖಾಲಿ. ಸುನಿಲ್‌ಕುಮಾರ್ ನಮ್ಮ ಗೇಟಿನ ಹೊರಗೇ ನಿಂತು ಹೇಳಿದರು: “ನಮ್ಮಲ್ಲಿ ಮೂಢನಂಬಿಕೆ ಇಲ್ಲ ಆವಲಪ್ಪನೋರೆ. ಆದ್ರೂ ಆ ಹುಡುಗಿ ನಮ್ಮನೆ ಕಡೆ ಬಂದು ಆ ಮಾತಾಡ್ದಂಗೆ ನೋಡ್ಕೊಳ್ಳಿ. ನಮ್ಮಪ್ಪಂಗೆ ಬೀಪಿ ಇದೆ.”

ಮಹಡಿ ಹತ್ತಿದೆ. ಸೂಟ್‌ಕೇಸ್ ಬಾಯಿ ತೆರೆದುಕೊಂಡು ಬಿದ್ದಿತ್ತು.

“ಸಾವಿನ ಮನೇಲಿ ಬರ್ತೀನಿ ಅನ್ಬಾರ್ದಮ್ಮ. ಇನ್ನೊಂದು ಸಾವಿಗೆ ಬರ್ತೀನಿ ಅಂದಂಗಾಗುತ್ತೆ. ಮಾತಾಡ್ದೆ ಎದ್ದು ಹೋಗ್ಬೇಕು.”

“ಆಮೇಲೆ?”

“ಆಮೇಲೇನು?”

“ಆಮೇಲೆ ಯಾವಾಗ ಬರ್ತಾರೆ?”

ನನ್ನ ಸ್ಟಾಪ್ ಬಂದವನಂತೆ ನಾನು ಮೆಟ್ಟಿಲಿಳಿದುಬಿಟ್ಟೆ.

ಮರುದಿನ ಬೆಳಿಗ್ಗೆ ಮಹಡಿಗೆ ಬೀಗ. ಸೂಟ್‌ಕೇಸೂ ಇಲ್ಲ. ಅಕ್ಕಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೋಗೇಬಿಟ್ಲು. ಕೆಡಿಸಿದ್ದು ನೀವು. ಆ ಸುಗುಣಮ್ಮನ ಕಾಲಿಗಾದ್ರೂ ಬಿದ್ದು ಬನ್ನಿ.”

ಹೋದೆ. ಪಡಸಾಲೆಯಲ್ಲಿ ತಾತನ ಮಂಚವನ್ನು ಗೋಡೆಗೆ ಒರಗಿಸಿದ್ದರು. ಎರಡು ಸಾವು ಕಂಡ ಮನೆ. ಹೊಸ್ತಿಲ ಹತ್ತಿರ ಬೇರೊಬ್ಬರ ಚಪ್ಪಲಿ ಇರಲಿಲ್ಲ, ಒಂದು ಜೊತೆ ಬಿಟ್ಟು.

“ನೋಡ್ಕೊಂಡು ಕಾಲಿಡಿ, ಅವಳು ಈಗ ತಾನೆ ಒರೆಸವ್ಳೆ,” ಎಂದರು ಸುಗುಣಮ್ಮ.

ಒಳಗೆ ಕುಕ್ಕರ್ ಕೂಗಿತು. ಅಡಿಗೆಮನೆಯಲ್ಲಿ ನೇಮಾ. ಮೂಲೆಯಲ್ಲಿ ಆ ಸೂಟ್‌ಕೇಸ್.

ತಪ್ಪೆಲ್ಲ ನನ್ನದೇ ತಾಯಿ, ಆ ಹುಡುಗಿಗೆ ಗೊತ್ತಿರಲಿಲ್ಲ ಎಂದು ಕೈಮುಗಿದೆ. ಸುಗುಣಮ್ಮ ಗೋಡೆಗೊರಗಿದ ಮಂಚದ ಕಡೆ ಕೈ ತೋರಿದರು.

“ಎರಡು ಸಲಾನೂ ಊರೆಲ್ಲ ಬಂದಿತ್ತಪ್ಪ. ಎಲ್ಲಾ ಪದ್ಧತಿ ಗೊತ್ತಿರೋರೇ. ಬಾಯಿ ಬಿಡ್ದೆ ಹೋದ್ರು. ಮತ್ತೆ ಒಂದು ನರಪಿಳ್ಳೆ ಈ ಕಡೆ ತಿರುಗಿ ನೋಡ್ಲಿಲ್ಲ. ಇವಳು ದಿನಾ ಕಾಲೇಜಿಗೆ ಮುಂಚೆ ಬಂದು ನಮ್ಮ ಭಾವನೋರ ಮೈ ಒರೆಸಿ, ಮಗ್ಗಲು ಬದಲಾಯ್ಸಿ ಹೋಗ್ತಿದ್ಲು. ಅವರು ಸತ್ತಿದ್ದು ವಯಸ್ಸಾಗಿ, ಇವಳ ಮಾತಿಂದಲ್ಲ. ಊರಿಗೆ ಹೋಗ್ತೀನಿ ಅಂತ ಹೇಳೋಕೆ ಇವತ್ತು ಪೆಟ್ಟಿಗೆ ಸಮೇತ ಬಂದಿದ್ಲು. ಇಲ್ಲೇ ಇಳಿಸ್ಕೊಂಡೆ. ಭಾನುವಾರ ನನ್ ಪಕ್ಕ ಮುಂದಿನ ಬೆಂಚಲ್ಲಿ ಕೂರ್ತಾಳೆ. ಯಾರು ಎದ್ದು ಹೋಗ್ತಾರೋ ನೋಡ್ತೀನಿ.”

ಸಾವಿನ ಮನೆಯಿಂದ ಮೌನವಾಗಿ ಎದ್ದು ಹೊರಡಬೇಕು. ಪದ್ಧತಿ ಬಲ್ಲವನಲ್ಲವೇ ನಾನು? ಎದ್ದೆ. ಹೊಸ್ತಿಲಲ್ಲಿ ಈ ಹಾಳು ಕಂಡಕ್ಟರ್ ನಾಲಿಗೆ ತಾನಾಗಿ ಆಡಿತು.

“ಸರಿ ತಾಯಿ, ಬರ್ತೀನಿ.”

ಕಚ್ಚಿಕೊಳ್ಳುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ನೇಮಾ ಸೌಟು ಹಿಡಿದು ಅಡಿಗೆಮನೆಯ ಬಾಗಿಲಿಗೆ ಬಂದಳು.

“ಹೇಳಿದ್ಮೇಲೆ ಬರ್ಬೇಕು ಅಂಕಲ್. ಕೊಳಾಯಿಯವನ ಥರ ಮಾಡ್ಬೇಡಿ. ನಾಳೆ ಬರೋವಾಗ ಅರ್ಧ ಲೀಟರ್ ಹಾಲು ತನ್ನಿ.”