ನೆಂಚಿಕೊಳ್ಳಲೊಂದು ಸಂಶಯ

ಊಟದಲ್ಲಿ ಅನ್ನ, ಸಾರುಗಳ ಮೇಲೆ ನನಗೆ ಎಂದೂ ಸಂಶಯ ಬಂದದ್ದಿಲ್ಲ. ಅವು ಇವತ್ತು ಹೇಗೋ ನಾಳೆಯೂ ಹಾಗೆಯೇ. ಮನೆಯ ರಾಜಕೀಯವೆಲ್ಲ ನಡೆಯುವುದು ತಟ್ಟೆಯ ಅಂಚಿನಲ್ಲಿ, ನೆಂಚಿಕೊಳ್ಳಲು ಬಡಿಸುವ ಪದಾರ್ಥಗಳಲ್ಲಿ. ನನ್ನ ಹೆಂಡತಿ ಜಲಜಾಕ್ಷಿಗೆ ಸಿಟ್ಟು ಬಂದ ದಿನ ಬರೀ ಉಪ್ಪಿನಕಾಯಿ. ಸಿಟ್ಟು ಸ್ವಲ್ಪ ಇಳಿದಿದ್ದರೆ ಒಂದು ಹಪ್ಪಳ. ನೆಂಟರು ಬರುವವರಿದ್ದರೆ ಕೋಸಂಬರಿ, ಆ ನೆಂಟರು ಅವಳ ಕಡೆಯವರಾದರೆ ಜೊತೆಗೆ ಅನಾನಸಿನ ಗೊಜ್ಜು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾನು ತಟ್ಟೆಯ ಅಂಚನ್ನು ಪಂಚಾಂಗದ ಹಾಗೆ ಓದಲು ಕಲಿತಿದ್ದೆ. ಆದ್ದರಿಂದ ಒಂದು ದಿನ, ಹಬ್ಬವೂ ಇಲ್ಲದೆ, ನೆಂಟರೂ ಇಲ್ಲದೆ, ಅನ್ನದ ಸುತ್ತ ಮೂರು ಪುಟ್ಟ ಬಟ್ಟಲುಗಳು ಬಂದು ಕೂತಾಗ ನನ್ನ ಕೈ ಅಲ್ಲೇ ನಿಂತಿತು.

"ಎಂತ ಇದು?" ಎಂದೆ.

"ಸೌತೆಕಾಯಿ" ಎಂದಳು ಜಲಜ.

"ಸೌತೆಕಾಯಿ ಅಂತ ಕಾಣ್ತದೆ. ಅದಕ್ಕೆ ಎಂತ ಆಗಿದೆ?"

ಅದಕ್ಕೆ ಬಹಳಷ್ಟು ಆಗಿತ್ತು. ತೆಳ್ಳಗೆ ಹೆಚ್ಚಿ, ಉಪ್ಪು ಹಾಕಿ ಹಿಂಡಿ, ಮೆಣಸಿನ ಪುಡಿ ಸವರಿ, ಮೇಲೆ ಹುರಿದ ಎಳ್ಳು ಉದುರಿಸಲಾಗಿತ್ತು. ಎರಡನೆಯ ಬಟ್ಟಲಿನಲ್ಲಿ ಪಾಲಕ್ ಸೊಪ್ಪು. ಅದಕ್ಕೆ ಒಗ್ಗರಣೆಯಿಲ್ಲ, ಕಾಯಿತುರಿಯಿಲ್ಲ, ಬರೀ ಎಳ್ಳೆಣ್ಣೆಯ ಪರಿಮಳ. ಮೂರನೆಯದರಲ್ಲಿ ಗೋಲಿಯಂಥ ಆಲೂಗಡ್ಡೆಗಳು, ಕಂದು ಬಣ್ಣದ ಸಿಹಿ ರಸದಲ್ಲಿ ಮಿಂದು ಹೊಳೆಯುತ್ತಿದ್ದವು. ಕಾಯಿತುರಿಯಿಲ್ಲದೆ ಪಲ್ಯ ಮಾಡುವುದು ನಮ್ಮ ಉಡುಪಿ ಕಡೆಯ ಹೆಂಗಸಿಗೆ ಸುಲಭವಾಗಿ ಬರುವ ಬುದ್ಧಿಯಲ್ಲ. ಯಾರೋ ಹೇಳಿಕೊಟ್ಟಿದ್ದಾರೆ ಎಂದು ನನಗೆ ಆಗಲೇ ಅನಿಸಿತು. ಯಾರು ಎಂದು ಕೇಳಿದರೆ ಜಲಜ, "ತಿನ್ನಿ, ವಿಷ ಹಾಕಿಲ್ಲ" ಎಂದಳು. ಸಂಶಯವಿರುವ ಗಂಡಸಿಗೆ ಇದಕ್ಕಿಂತ ಸಂಶಯಾಸ್ಪದವಾದ ಉತ್ತರ ಇನ್ನೊಂದಿಲ್ಲ. ಕಾಲೇಜಿಗೆ ಹೋಗುವ ಮಗಳತ್ತ ನೋಡಿದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಖಾ ಲೋ ನಾ, ಪಪ್ಪಾ" ಎಂದು ಮೊಬೈಲಿನತ್ತ ಬಗ್ಗಿ ನಕ್ಕಳು. ತಿಂದೆ. ರುಚಿಯಾಗಿತ್ತು. ಅದು ಸಂಶಯವನ್ನು ಇನ್ನಷ್ಟು ಹೆಚ್ಚಿಸಿತು.

ನಾವಿರುವುದು ಊರಿನಿಂದ ದೂರ, ಮರಾಠಿ ನಾಡಿನ ನೆರೂಳದ ಒಂದು ನಾಲ್ಕು ಮಹಡಿಯ ಕಟ್ಟಡದಲ್ಲಿ, ಎರಡನೆಯ ಮಹಡಿಯ ಫ್ಲ್ಯಾಟಿನಲ್ಲಿ. ನನ್ನ ಆಫೀಸು ಠಾಣೆಯಲ್ಲಿ. ಅಲ್ಲಿ ಮಧ್ಯಾಹ್ನ ನನ್ನ ಜೊತೆ ಡಬ್ಬಿ ಬಿಚ್ಚುತ್ತಿದ್ದವನು ವಿಜಯಪುರದ ಹಿರೇಮಠ. ಅವನ ಡಬ್ಬಿಯಲ್ಲಿ ವರ್ಷವಿಡೀ ರೊಟ್ಟಿ ಮತ್ತು ಶೇಂಗಾ ಚಟ್ನಿ. ಅದರಲ್ಲಿ ಬದಲಾವಣೆ ಬಂದರೆ ಅವನಿಗೆ ಜ್ವರವೇ ಬರುತ್ತಿತ್ತು. ನನ್ನ ಡಬ್ಬಿಯಿಂದ ದಿನಕ್ಕೊಂದು ಹೊಸ ಬಟ್ಟಲು ಹೊರಬರುವುದನ್ನು ಅವನು ಒಂದು ವಾರ ಸುಮ್ಮನೆ ನೋಡಿದ. ಕೊನೆಗೆ ಒಂದು ಆಲೂಗಡ್ಡೆ ಎತ್ತಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ತೀರ್ಪು ಕೊಟ್ಟ: "ರಾಯರ, ಹೆಂಡ್ತಿ ಒಮ್ಮಿಂದೊಮ್ಮೆ ಇಷ್ಟೆಲ್ಲಾ ಮಾಡಿ ಹಾಕಾಕ್ಹತ್ಯಾಳಂದ್ರ ಏನೋ ಕೇಳಾಕಿ ಇದ್ದಾಳ ಅಂತ ತಿಳ್ಕೋರಿ. ಸಣ್ಣದಂತೂ ಅಲ್ಲ." ಅಂದಿನಿಂದ ಪ್ರತಿ ಬಟ್ಟಲೂ ನನಗೆ ಒಂದೊಂದು ಅರ್ಜಿಯ ಹಾಗೆ ಕಾಣತೊಡಗಿತು. ಆದರೆ ಜಲಜ ಏನನ್ನೂ ಕೇಳಲಿಲ್ಲ. ಕೇಳದೇ ಇರುವುದು ಕೇಳುವುದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವ ಸಂಗತಿ.

ಇದೇ ಹೊತ್ತಿಗೆ ಕಟ್ಟಡದಲ್ಲಿ ಇನ್ನೊಂದು ಗಲಾಟೆ ನಡೆಯುತ್ತಿತ್ತು. ಕಟ್ಟಡದ ನಿವಾಸಿಗಳ ಸೊಸೈಟಿಗೆ ಆಗ ನಾನು ಸೆಕ್ರೆಟರಿ. ಈ ಹುದ್ದೆಗೆ ಯಾರೂ ಸ್ಪರ್ಧಿಸುವುದಿಲ್ಲ; ಸಭೆಯಲ್ಲಿ ಯಾರು ಕೊನೆಗೆ ತಲೆ ತಗ್ಗಿಸುತ್ತಾನೋ ಅವನ ಕೊರಳಿಗೆ ಬೀಳುತ್ತದೆ. ಆದರೂ ಒಮ್ಮೆ ಬಿದ್ದ ಮೇಲೆ ನಾನು ಅದನ್ನು ಬಹಳ ಗಂಭೀರವಾಗಿ ಹೊತ್ತುಕೊಂಡಿದ್ದೆ. ನಮ್ಮ ನೆತ್ತಿಯ ಮೇಲಿನ ಫ್ಲ್ಯಾಟಿಗೆ ಹಿಂದಿನ ವರ್ಷ ಒಂದು ಕೊರಿಯಾ ದೇಶದ ಸಂಸಾರ ಬಾಡಿಗೆಗೆ ಬಂದಿತ್ತು. ಗಂಡ ತಳೋಜೆಯ ಕಡೆ ಯಾವುದೋ ಕಾರ್ಖಾನೆಯಲ್ಲಿ ಎಂಜಿನಿಯರು. ಹೆಂಡತಿಯ ಹೆಸರು ಯುನ್. ಸಣ್ಣ ಆಳು, ಲಿಫ್ಟಿನಲ್ಲಿ ಯಾರು ಸಿಕ್ಕರೂ ಸೊಂಟ ಬಗ್ಗಿಸಿ ವಂದಿಸುತ್ತಿದ್ದಳು. ಅವರು ಬಂದ ಸ್ವಲ್ಪ ದಿನಕ್ಕೇ ನಾಲ್ಕನೆಯ ಮಹಡಿಯ, ಎಲ್ಲರಿಗೂ ಚಿಕ್ಕಮ್ಮನಂತಿದ್ದ ದೇಶಪಾಂಡೆ ಕಾಕೂ ದೂರು ತಂದರು. ಕಟ್ಟಡದ ನಡುವೆ ಗಾಳಿಗೆಂದು ಬಿಟ್ಟ ಡಕ್ಟಿನ ಕಿಟಕಿ ತೆರೆದರೆ ಕೆಳಗಿನಿಂದ ಏನೋ ಹುಳಿ ವಾಸನೆ ಬರುತ್ತದೆ, ದೇವರ ಕೋಣೆಯಲ್ಲಿ ಕೂರಲಾಗುವುದಿಲ್ಲ ಎಂದು. ಚೇರ್ಮನ್ ಪಾಟೀಲರು ನೆರೂಳದಲ್ಲೇ ಹುಟ್ಟಿ, ಮೀನು ತಿಂದು ಬೆಳೆದವರು. ಅವರು ಡಕ್ಟಿಗೆ ಮೂಗಿಟ್ಟು, ಮೀನಾದರೆ ತಾನು ಗುರುತಿಸುತ್ತೇನೆ, ಒಣಮೀನಾದರೆ ಹೆಸರೂ ಹೇಳುತ್ತೇನೆ, ಇದು ಅದಲ್ಲ ಎಂದರು. ಮೀನಲ್ಲದಿದ್ದರೆ ಇನ್ನೇನು ಎಂದು ಎಲ್ಲರೂ ಇನ್ನಷ್ಟು ಗಾಬರಿಯಾದರು. ನಾನು ಯುನ್ ಅವರ ಬಾಗಿಲಿಗೆ ಒಂದು ನೋಟಿಸು ಅಂಟಿಸಿ ಬಂದೆ. ಇಂಗ್ಲಿಷಿನಲ್ಲಿ, ಕಠಿಣವಾದ ಪದಗಳನ್ನೇ ಆರಿಸಿ ಬರೆದಿದ್ದೆ.

ನೋಟಿಸಿನಿಂದ ವಾಸನೆ ಹೋಗಲಿಲ್ಲ, ಹೆಚ್ಚಾಯಿತು. ಕಮಿಟಿ ಮತ್ತೆ ಕೂತು, ಅವರ ಬಾಡಿಗೆ ಕರಾರು ಮುಗಿಯುತ್ತ ಬಂದಿದೆ, ನವೀಕರಣಕ್ಕೆ ಸೊಸೈಟಿಯ ಒಪ್ಪಿಗೆ ಕೊಡುವುದು ಬೇಡ, ಬೇರೆ ಕಡೆ ಮನೆ ನೋಡಿಕೊಳ್ಳಲಿ ಎಂದು ತೀರ್ಮಾನಿಸಿತು. ಆ ಪತ್ರ ಬರೆಯುವುದೂ ನನ್ನ ಪಾಲಿಗೇ ಬಂತು. ಆ ದಿನ ಮನೆಗೆ ಬಂದು ಜಲಜೆಗೆ ವಿಷಯ ಹೇಳಿದೆ. ಅವಳು ತಟ್ಟೆ ತಂದಿಟ್ಟಳು. ಅದರಲ್ಲಿ ಬರೀ ಅನ್ನ ಮತ್ತು ಸಾರು ಇತ್ತು. ಉಪ್ಪಿನಕಾಯಿಯೂ ಇರಲಿಲ್ಲ. ಇಂಥ ಪುಟ ನನ್ನ ಪಂಚಾಂಗದಲ್ಲಿ ಅದುವರೆಗೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಸ್ಟೇಷನ್ನಿನ ಹತ್ತಿರ ನಮ್ಮ ಖಾಯಂ ತರಕಾರಿ ಭಾಜಿವಾಲಾ ನನ್ನನ್ನು ನಿಲ್ಲಿಸಿ, ವಹಿನಿ, ಅಂದರೆ ಅವನ ಬಾಯಲ್ಲಿ ಅತ್ತಿಗೆಯಾದ ಜಲಜ, ಈಗೀಗ ತನ್ನ ಹತ್ತಿರ ಬರುತ್ತಲೇ ಇಲ್ಲ, ಗುರುವಾರ ಗುರುವಾರ ವಾಶಿ ಮಾರ್ಕೆಟ್ಟಿನ ಚೀಲ ಹಿಡಿದು ರಿಕ್ಷಾದಲ್ಲಿ ಇಳಿಯುವುದನ್ನು ನೋಡುತ್ತೇನೆ, ಜೊತೆಗೆ ಇನ್ನೊಬ್ಬರು ಇರುತ್ತಾರೆ ಎಂದ. ಇನ್ನೊಬ್ಬರು ಯಾರು ಎಂದು ಕೇಳುವುದರೊಳಗೆ ನನ್ನ ಗಾಡಿಯ ಹೊತ್ತಾಯಿತು. ಠಾಣೆಗೆ ಹೋಗುವ ದಾರಿಯುದ್ದಕ್ಕೂ ಆ 'ಇನ್ನೊಬ್ಬರು' ನನ್ನ ಜೊತೆಯಲ್ಲೇ ಪ್ರಯಾಣ ಮಾಡಿದರು. ಮಧ್ಯಾಹ್ನ ಹಿರೇಮಠನಿಗೆ ಹೇಳಿದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಇವತ್ತೂ ಗುರುವಾರ ಅಲ್ಲವೇ ಎಂದು ಮಾತ್ರ ಕೇಳಿದ. ನಾನು ತಲೆನೋವೆಂದು ಹೇಳಿ ಅರ್ಧ ದಿನದ ರಜೆ ಹಾಕಿದೆ. ಯುನ್ ಅವರಿಗೆ ಕೊಡಬೇಕಾದ ಪತ್ರವೂ ಚೀಲದಲ್ಲಿತ್ತು. ಒಂದೇ ಓಡಾಟದಲ್ಲಿ ಎರಡೂ ಕೆಲಸ ಮುಗಿಯಲಿ ಎಂದುಕೊಂಡೆ.

ಬಾಗಿಲನ್ನು ಸದ್ದಾಗದಂತೆ ನನ್ನ ಕೀಲಿಯಿಂದಲೇ ತೆರೆದೆ. ಹಾಲಿನ ನೆಲದ ಮೇಲೆ ಹಳೆಯ ಪೇಪರು ಹಾಸಿತ್ತು. ಅದರ ನಡುವೆ, ನಾವು ಬಟ್ಟೆ ನೆನೆಸುತ್ತಿದ್ದ ಟಬ್ಬಿನಷ್ಟೇ ದೊಡ್ಡ ಹೊಸ ಟಬ್ಬು. ಅದರ ತುಂಬ ಉದ್ದುದ್ದ ಎಲೆಯ ಕೋಸು. ಅದರ ಆಚೆಬದಿಗೆ ಜಲಜ, ಈಚೆಬದಿಗೆ ಯುನ್, ಇಬ್ಬರ ಕೈಗಳೂ ಮೊಣಕೈವರೆಗೆ ಕೆಂಪು. ನನ್ನ ಹೆಂಡತಿ ಕನ್ನಡದಲ್ಲಿ ಮಾತಾಡುತ್ತಿದ್ದಳು, ಯುನ್ ತನ್ನ ಭಾಷೆಯಲ್ಲಿ ಹೂಂಗುಟ್ಟುತ್ತಿದ್ದಳು, ಇಬ್ಬರಿಗೂ ಏನೂ ತೊಂದರೆ ಇದ್ದಂತೆ ಕಾಣಲಿಲ್ಲ. ನನ್ನನ್ನು ಕಂಡದ್ದೇ ಯುನ್ ಧಡಕ್ಕನೆ ಎದ್ದು, ಕೆಂಪು ಕೈಗಳನ್ನು ಎರಡೂ ಬದಿಗೆ ಚಾಚಿ ಹಿಡಿದು, ಸೊಂಟ ಬಗ್ಗಿಸಿದಳು. ಏನು ಮಾಡುವುದೆಂದು ತೋಚದೆ ನಾನೂ ಬಗ್ಗಿದೆ. ಅವಳು ಇನ್ನೊಮ್ಮೆ ಬಗ್ಗಿದಳು. ಜಲಜ ನಡುವೆ ಬಾಯಿ ಹಾಕದಿದ್ದರೆ ನಾವಿಬ್ಬರೂ ಸಂಜೆಯವರೆಗೆ ಬಗ್ಗುತ್ತಲೇ ಇರುತ್ತಿದ್ದೆವು.

"ಯುನಮ್ಮ, ಕೂತ್ಕೊಳ್ಳಿ. ಇವರು ನಮ್ಮವರೇ" ಎಂದಳು. ಆಮೇಲೆ ನನ್ನತ್ತ ತಿರುಗಿ, "ಚೀಲದಲ್ಲಿ ಆ ಕಾಗದ ಉಂಟಾ?" ಎಂದು ಕೇಳಿದಳು.

ಉಂಟು ಎಂದೆ. ಆಗ ಅವಳು ನಡೆದದ್ದನ್ನೆಲ್ಲ ಹೇಳಿದಳು. ನಾನು ನೋಟಿಸು ಅಂಟಿಸಿದ ಮರುದಿನ ಜಲಜ ಕೆಳಗೆ ಇಳಿಯುವಾಗ, ಯುನ್ ಖಾರ ಹಚ್ಚಿ ಹುಳಿ ಬರಿಸಿದ ಕೋಸಿನ ಒಂದು ಭರಣಿಯನ್ನು ಎದೆಗೆ ಅವುಚಿಕೊಂಡು ಕಸದ ಡಬ್ಬಿಯ ಹತ್ತಿರ ನಿಂತಿದ್ದಳಂತೆ. ಕಣ್ಣಲ್ಲಿ ನೀರು. ಜಲಜ ಮುಚ್ಚಳ ತೆಗೆದು ಮೂಸಿದಳು. ನಮ್ಮ ಮನೆಯಲ್ಲಿ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆಯ ಭರಣಿ ಇದೆಯಲ್ಲ, ಹೆಚ್ಚುಕಡಿಮೆ ಅದೇ ವಾಸನೆ. "ಹಾಕಿಟ್ಟ ಭರಣಿಯನ್ನು ಯಾರಾದರೂ ಬಿಸಾಡ್ತಾರಾ? ನನಗೆ ಹೊಟ್ಟೆ ಉರಿದುಹೋಯಿತು. ಮೇಲೆ ತಂದು ನಮ್ಮ ಹಿಂದಿನ ಬಾಲ್ಕನಿಯಲ್ಲಿ ಇಟ್ಟೆ. ಆಮೇಲೆ ಅವಳ ಉಳಿದ ಭರಣಿಗಳನ್ನೂ ತರಿಸಿದೆ."

"ಇಲ್ಲಿಗಾ?" ಎಂದೆ. ನಮ್ಮ ಹಿಂದಿನ ಬಾಲ್ಕನಿಯ ಕಿಟಕಿ ನೇರವಾಗಿ ಡಕ್ಟಿಗೇ ತೆರೆಯುತ್ತದೆ.

"ಮತ್ತೆಲ್ಲಿಗೆ? ನೋಟಿಸು ಬರೆದವರ ಮನೆಯನ್ನು ಯಾರು ಮೂಸಿ ನೋಡ್ತಾರೆ?"

ಹೋಗಿ ನೋಡಿದೆ. ನಮ್ಮ ಹಲಸಿನ ಭರಣಿಯ ಪಕ್ಕದಲ್ಲಿ ಅವು ಸಾಲಾಗಿ, ಸಂಬಂಧಿಕರ ಹಾಗೆ ಕೂತಿದ್ದವು. ತಿಂಗಳುಗಟ್ಟಲೆ ಆ ಬಾಲ್ಕನಿಯಲ್ಲಿ ನಿಂತು ಹಲ್ಲುಜ್ಜಿದ್ದೇನೆ, ಅವೂ ನಮ್ಮ ಭರಣಿಗಳೇ ಎಂದುಕೊಂಡು ತಿರುಗಿಯೂ ನೋಡಿರಲಿಲ್ಲ. ಹಲಸಿನ ವಾಸನೆಯಲ್ಲೇ ಬೆಳೆದ ಮೂಗಿಗೆ ಅದು ವಾಸನೆ ಅನ್ನಿಸಿಯೇ ಇರಲಿಲ್ಲ. ನಾನು ಇಷ್ಟು ದಿನ ಕಮಿಟಿಯನ್ನು ಕಟ್ಟಿಕೊಂಡು ಹುಡುಕುತ್ತಿದ್ದ ಅಪರಾಧವನ್ನು ದಿನಾ ಡಬ್ಬಿಯಲ್ಲಿ ತುಂಬಿಕೊಂಡು ಠಾಣೆಗೆ ಒಯ್ದು ತಿಂದು ಬರುತ್ತಿದ್ದೆ. ಉಳಿದದ್ದು ಒಂದೇ ಸಂಶಯ. ಇದರಲ್ಲಿ ಮೀನು ಹಾಕುತ್ತಾರಂತಲ್ಲ ಎಂದು ಮೆಲ್ಲಗೆ ಕೇಳಿದೆ.

"ನಿಮಗೆ ಆಗುವುದಿಲ್ಲ ಅಂತ ಅವಳೇ ಬೇರೆ ಮಾಡಿದ್ದಾಳೆ, ಮೀನಿಲ್ಲದೆ. ನಾನು ಎದುರು ಕೂತು ನೋಡಿದ್ದೇನೆ" ಎಂದಳು ಜಲಜ. ಆಮೇಲೆ, "ಬೆಳ್ಳುಳ್ಳಿ ಉಂಟು" ಎಂದಳು. ನಮ್ಮ ಮನೆಗೆ ಬೆಳ್ಳುಳ್ಳಿ ಬರುವುದಿಲ್ಲ ಎಂದು ನಾನು ಹಿರೇಮಠನ ಚಟ್ನಿಯನ್ನು ಎಷ್ಟೋ ವರ್ಷ ಮುಟ್ಟದೆ ಕೂತವನು. ನನ್ನ ಡಬ್ಬಿಯಲ್ಲಿ ಬೆಳ್ಳುಳ್ಳಿ ಇತ್ತೆಂದು ಅವನಿಗೆ ನಾನು ಇವತ್ತಿಗೂ ಹೇಳಿಲ್ಲ.

ಪತ್ರ ಚೀಲದಲ್ಲೇ ಉಳಿಯಿತು. ಆದರೆ ಕಮಿಟಿ ಉಳಿಯಬೇಕಲ್ಲ. ಪತ್ರ ಯಾಕೆ ಹೋಗಿಲ್ಲ ಎಂದು ಪಾಟೀಲರು ಕೇಳಿದಾಗ, ಮೊದಲು ಒಮ್ಮೆ ತಪಾಸಣೆ ಮಾಡುವುದು ನ್ಯಾಯ ಎಂದೆ. ಅವರು ತಕ್ಷಣ ಒಪ್ಪಿದರು. ನಾನು ಮಾಡಿದ ಎಡವಟ್ಟು ಅರ್ಥವಾಗುವಷ್ಟರಲ್ಲಿ ಭಾನುವಾರ ಬಂದಿತ್ತು. ಪಾಟೀಲರು, ದೇಶಪಾಂಡೆ ಕಾಕೂ ಮತ್ತು ನಾನು ಯುನ್ ಅವರ ಮನೆಗೆ ಹೋದೆವು. ಅಡುಗೆಮನೆಯಲ್ಲಿ ಸೋಪಿನ ವಾಸನೆ ಬಿಟ್ಟು ಇನ್ನೇನೂ ಇಲ್ಲ. ಗಂಡಹೆಂಡಿರಿಬ್ಬರೂ ಗೋಡೆಗೆ ಒತ್ತಿ ನಿಂತಿದ್ದರು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಕ್ಕಳ ಹಾಗೆ. ಪಾಟೀಲರು ಫ್ರಿಜ್ ತೆಗೆಸಿ ನೋಡಿದರು, ಕಪಾಟಿನೊಳಗೆ ತಲೆ ಹಾಕಿದರು, ಏನೂ ಸಿಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಗಾಳಿಯನ್ನು ಎಳೆದುಕೊಂಡರು. ಆಮೇಲೆ ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ನಾನು ಹಿಂದೆ ಹಿಂದೆ, ಲಿಫ್ಟು ರಿಪೇರಿಯ ವಿಷಯ, ನೀರಿನ ಟ್ಯಾಂಕಿನ ವಿಷಯ ಎಲ್ಲ ತೆಗೆದೆ. ಆ ಮೂಗು ನಿಂತದ್ದು ನಮ್ಮ ಬಾಗಿಲ ಎದುರು.

ಬೆಲ್ಲು ಒತ್ತುವ ಮೊದಲೇ ಜಲಜ ಬಾಗಿಲು ತೆರೆದಳು. ಊಟದ ಹೊತ್ತಾಯಿತು, ಬನ್ನಿ ಎಂದು ಮರಾಠಿಯಲ್ಲಿ ಕರೆದಳು. ಟೇಬಲ್ಲಿನ ಮೇಲೆ ತಟ್ಟೆಗಳು ಸಿದ್ಧವಾಗಿದ್ದವು. ಬಿಸಿ ಅನ್ನ, ತೊವ್ವೆ, ಅದರ ಸುತ್ತ ಬಟ್ಟಲುಗಳು: ಎಳ್ಳಿನ ಸೌತೆ, ಪಾಲಕ್, ಆಲೂಗಡ್ಡೆ ಮತ್ತು ನಡುವೆ ಕೆಂಪಗೆ ಆ ಕೋಸು. ಕಾಕೂ ಮೊದಲು ತುದಿಬೆರಳಲ್ಲಿ ಮುಟ್ಟಿದರು. ಪಾಟೀಲರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಒಂದು ತುತ್ತು ತಿಂದರು, ಇನ್ನೊಂದು ತಿಂದರು, ಬಟ್ಟಲನ್ನೇ ತಮ್ಮ ಕಡೆ ಎಳೆದುಕೊಂಡರು. ನಿಮ್ಮ ಊರಿನದೇ ಎಂದು ಕೇಳಿದರು. ಹೌದು ಅಂದುಬಿಡು ಎಂದು ನಾನು ಕಣ್ಣಲ್ಲೇ ಜಲಜೆಗೆ ಬೇಡಿಕೊಂಡೆ. ಆ ಒಂದು ಮಾತಿಗೆ ಎಲ್ಲ ಮುಗಿದುಹೋಗುತ್ತಿತ್ತು.

ಜಲಜ ಸೌಟು ಕೆಳಗಿಟ್ಟಳು. ಇದು ಮೇಲಿನ ಯುನ್ ವಹಿನಿಯದು, ನೀವು ಹುಡುಕುತ್ತಿರುವ ವಾಸನೆ ಇದೇ, ಬರುವುದು ನಮ್ಮ ಬಾಲ್ಕನಿಯಿಂದ ಎಂದು ಸಾವಕಾಶವಾಗಿ ಹೇಳಿದಳು. "ಅವರಿಗೆ ಒಪ್ಪಿಗೆ ಕೊಡುವುದಿಲ್ಲ ಅಂತಾದರೆ ನಮಗೂ ನೋಟಿಸು ಕೊಡಿ. ಸೆಕ್ರೆಟರಿ ಇಲ್ಲೇ ಕೂತಿದ್ದಾರೆ, ಈಗಲೇ ಬರೆಸಿಕೊಳ್ಳಬಹುದು."

ಪಾಟೀಲರು ನನ್ನನ್ನು ನೋಡಿದರು. ನಾನು ತೊವ್ವೆಯನ್ನು ನೋಡಿದೆ. ಮೊದಲು ಬಾಯಿ ತೆರೆದವರು ಕಾಕೂ. ಭರಣಿಗಳನ್ನು ಡಕ್ಟಿನ ಬಾಯಲ್ಲಿ ಇಡುವ ಬದಲು ಟೆರೇಸಿನಲ್ಲಿ ಇಡಬಾರದೇ, ಅಲ್ಲಿ ಗಾಳಿಯಿದೆ, ತನ್ನ ನಿಂಬೆಕಾಯಿಯ ಭರಣಿಗಳೂ ಅಲ್ಲೇ ಇವೆ ಎಂದರು. ಟೆರೇಸಿನಲ್ಲಿ ಖಾಸಗಿ ಸಾಮಾನು ಇಡಬಾರದೆಂದು ನಾನೇ ಬೋರ್ಡು ಹಾಕಿಸಿದ್ದೆ. ಕಾಕೂ ಅದನ್ನು ನೆನಪಿಸಿಕೊಂಡು ಬಾಯಿಗೆ ಕೈ ಇಟ್ಟುಕೊಂಡರು. ಪಾಟೀಲರು ನಗತೊಡಗಿದರು. ನಗುತ್ತಲೇ ಇನ್ನೊಂದಿಷ್ಟು ಅನ್ನ ಕೇಳಿದರು. ಆ ಸಂಜೆ ಒಪ್ಪಿಗೆ ಪತ್ರಕ್ಕೆ ಸಹಿ ಬಿತ್ತು. ನಾನೇ ಮೇಲೆ ಹೋಗಿ ಕೊಟ್ಟೆ. ಯುನ್ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಈ ಸಲ ಅವಳು ಬಗ್ಗುವ ಮೊದಲು ನಾನೇ ಬಗ್ಗಿದೆ.

ಆ ಸಂಸಾರ ಇನ್ನೂ ಎರಡು ವರ್ಷ ನಮ್ಮ ನೆತ್ತಿಯ ಮೇಲೆ ಸುಖವಾಗಿತ್ತು. ನನ್ನ ಸುಖ ಮಾತ್ರ ಮುಂದಿನ ವಾರ್ಷಿಕ ಸಭೆಯವರೆಗೆ ಬಾಳಿತು. ಅಲ್ಲಿ ಸೆಕ್ರೆಟರಿ ಹುದ್ದೆಯ ವಿಷಯ ಬಂದಾಗ ರೂಢಿಯಂತೆ ಎಲ್ಲರೂ ತಲೆ ತಗ್ಗಿಸಿದರು, ಜಲಜ ಒಬ್ಬಳನ್ನು ಬಿಟ್ಟು. ಪಾಟೀಲರು ಅವಳ ಹೆಸರು ಸೂಚಿಸಿದರು, ಕಾಕೂ ಅನುಮೋದಿಸಿದರು, ನಾನು ಚಪ್ಪಾಳೆ ತಟ್ಟಿದೆ. ಈಗ ನೋಟಿಸುಗಳಿಗೆ ಸಹಿ ಅವಳದು, ಬೋರ್ಡಿಗೆ ಅಂಟಿಸುವ ಕೆಲಸ ನನ್ನದು. ಸೌತೆಕಾಯಿಯ ಆ ಮೊದಲ ಬಟ್ಟಲಿನಿಂದ ಹಿಡಿದು ಎಲ್ಲವೂ ಈ ಕುರ್ಚಿಗಾಗಿಯೇ ನಡೆದದ್ದೇ ಎಂಬ ಹೊಸ ಸಂಶಯವೊಂದು ನನಗೆ ಆಗಾಗ ಬರುವುದುಂಟು. ಕೇಳೋಣವೆಂದರೆ, ಇಂಥ ವಿಷಯವನ್ನೆಲ್ಲ ಬರವಣಿಗೆಯಲ್ಲಿ ಸೆಕ್ರೆಟರಿಗೆ ಸಲ್ಲಿಸಬೇಕಂತೆ.